ಮೊದಲು ದುರಸ್ತಿ, ಆಮೇಲೆ ಅಂಚೆಚೀಟಿ: ಲಾಲ್‌ಬಾಗ್ ಗಾಜಿನ ಮನೆ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ:
ನಿರ್ದೇಶಕರು, ತೋಟಗಾರಿಕೆ ಇಲಾಖೆ, ಕರ್ನಾಟಕ ಸರ್ಕಾರ
ಮುಖ್ಯ ಪೋಸ್ಟ್ ಮಾಸ್ಟರ್ ಜನರಲ್, ಕರ್ನಾಟಕ ಅಂಚೆ ವೃತ್ತ
ಹಾಗೂ ಲಾಲ್‌ಬಾಗ್ ತಮ್ಮದೆಂದುಕೊಂಡಿರುವ ಎಲ್ಲರಿಗೂ

ಮಾನ್ಯರೇ,

2039ರ ನವೆಂಬರ್ 30ಕ್ಕೆ ಲಾಲ್‌ಬಾಗ್ ಗಾಜಿನ ಮನೆಯ ಅಡಿಗಲ್ಲಿಗೆ 150 ವರ್ಷ ತುಂಬುತ್ತದೆ. ಆ ಹೊತ್ತಿಗೆ ಸ್ಮರಣಾರ್ಥ ಅಂಚೆಚೀಟಿ ಬೇಕೆಂಬ ಕೋರಿಕೆ ಬಂದೇ ಬರುತ್ತದೆ, ಕೇಳುವವರಲ್ಲಿ ನಾವೂ ಇರುತ್ತೇವೆ. ಆದರೆ ಈಗ ಬರೆಯುತ್ತಿರುವುದು ಚೀಟಿಗಾಗಿ ಅಲ್ಲ. ಚೀಟಿಯ ಮೇಲೆ ಬರುವ ಮುಂಚೆ ಕಟ್ಟಡಕ್ಕೆ ಆಗಬೇಕಾದ ಕೆಲಸವೊಂದಿದೆ. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುವ ಸಾಧ್ಯತೆ ಹೆಚ್ಚು ಎಂದು ಹೇಳಲು ಈ ಪತ್ರ.

ಲಂಡನ್ನಿನ ಕ್ಯೂ ಉದ್ಯಾನದಿಂದ ಶುರುಮಾಡುತ್ತೇವೆ. ಲಾಲ್‌ಬಾಗಿಗೂ ಅದಕ್ಕೂ ನಂಟು ಹಳೆಯದು. ಗಾಜಿನ ಮನೆ ಎದ್ದಾಗ ಇಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮೆರಾನ್ ಬಂದದ್ದು ಕ್ಯೂನಿಂದ. ಅವರ ನಂತರ 1908ರಲ್ಲಿ ಹೊಣೆ ಹೊತ್ತ ಕ್ರುಂಬಿಗಲ್ ಕೂಡ ಅಲ್ಲಿ ಕೆಲಸ ಮಾಡಿದ್ದವರೇ. 1990ರ ಜೂನ್ 5ರಂದು ಬ್ರಿಟನ್ನಿನ ಅಂಚೆ ಇಲಾಖೆ ಕ್ಯೂ ಉದ್ಯಾನದ 150ನೇ ವರ್ಷಕ್ಕೆಂದು ನಾಲ್ಕು ಚೀಟಿ ಹೊರಡಿಸಿತು. ಪ್ರತಿಯೊಂದರಲ್ಲೂ ಒಂದು ಮರ, ಒಂದು ಕಟ್ಟಡ. 34 ಪೆನ್ಸಿನ ಚೀಟಿಯಲ್ಲಿ ವಿಲ್ಲೋ ಮರದ ಜೊತೆ ಪಾಮ್ ಹೌಸ್, ಅಂದರೆ ತಾಳೆ ಜಾತಿಯ ಗಿಡಗಳಿಗೆ ಕಟ್ಟಿದ ಗಾಜಿನ ಮನೆ. 2009ರ ಮೇ ತಿಂಗಳಲ್ಲಿ ಬಂದ ಕಿರುಹಾಳೆಯಲ್ಲಿ (ಕೆಲವೇ ಚೀಟಿಗಳಿರುವ ಪುಟ್ಟ ಹಾಳೆ) ಅದೇ ಕಟ್ಟಡ ಮತ್ತೆ ಕಾಣಿಸಿಕೊಂಡಿತು.

ಸಂಗ್ರಹಕಾರರು ಆಲ್ಬಮ್ಮಿನಲ್ಲಿ ಚೀಟಿಯ ಪಕ್ಕ ಬರೆದುಕೊಳ್ಳದ ಸಂಗತಿ ಒಂದಿದೆ. 1984ರಿಂದ 1988ರವರೆಗೆ ಈ ಪಾಮ್ ಹೌಸ್ ಪೂರ್ತಿ ಖಾಲಿಯಾಗಿತ್ತು. ಅದರ ಚರಿತ್ರೆಯಲ್ಲಿ ಗಿಡಗಳನ್ನೆಲ್ಲ ಹೊರಕ್ಕೆ ಸಾಗಿಸಿದ್ದು ಅದೇ ಮೊದಲು. ಚೌಕಟ್ಟನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಸರಿಪಡಿಸಿ, ಮತ್ತೆ ಜೋಡಿಸಿದರು. ಸುಮಾರು 16,000 ಗಾಜುಗಳನ್ನು ಹೊಸದಾಗಿ ಕೂರಿಸಿದರು. ಗಾಜು ಕೂರುವ ಪಟ್ಟಿಗಳನ್ನು ಬದಲಾಯಿಸಲು ಬೇಕಾದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯನ್ನು ಉದ್ದಕ್ಕೆ ಹಾಸಿದ್ದರೆ ಹತ್ತು ಮೈಲಿ ಆಗುತ್ತಿತ್ತು. ಕಟ್ಟಡ ಮೊದಲು ಎದ್ದದ್ದು 1844ರಿಂದ 1848ರ ನಡುವೆ. ಕಟ್ಟಲು ನಾಲ್ಕು ವರ್ಷ, ಬಿಚ್ಚಿ ಕಟ್ಟಲು ಮತ್ತೆ ನಾಲ್ಕು ವರ್ಷ. ಚೀಟಿ ಬಂದದ್ದು ಅದಾದ ಎರಡು ವರ್ಷಕ್ಕೆ. ನಮ್ಮಲ್ಲೂ ಈ ಕ್ರಮವೇ ಆಗಲಿ ಎಂಬುದು ನಮ್ಮ ಕೋರಿಕೆ.

ಪಾಮ್ ಹೌಸ್ ಅಷ್ಟು ಹದಗೆಡಲು ಏನು ಕಾರಣ? ವಾಸ್ತುಶಿಲ್ಪಿ ಡೆಸಿಮಸ್ ಬರ್ಟನ್, ಡಬ್ಲಿನ್ನಿನ ಕಬ್ಬಿಣದ ಕುಶಲಿ ರಿಚರ್ಡ್ ಟರ್ನರ್ ಇಬ್ಬರೂ ಸೇರಿ 362 ಅಡಿ ಉದ್ದ, ನಡುವೆ 66 ಅಡಿ ಎತ್ತರದ ಮನೆ ನಿಲ್ಲಿಸಿದರು. ಬಾಗಿದ ಪಕ್ಕೆಲುಬುಗಳಿಗೆ ಹಡಗಿನ ಅಟ್ಟಕ್ಕೆ ಬಳಸುವಂಥ ಮೆದುಕಬ್ಬಿಣದ (ಬಡಿದು ಬಾಗಿಸಬಲ್ಲ ಕಬ್ಬಿಣ) ತೊಲೆಗಳು. ಒಳಗೆ ಉಷ್ಣವಲಯದ ಬಿಸಿ, ಸದಾ ತೇವ. ಹೊರಗೆ ಲಂಡನ್ನಿನ ಚಳಿ. ಗಾಜಿನ ಒಳಮೈಯಲ್ಲಿ ಕಟ್ಟಿದ ಹನಿ ಇಳಿದು ಪಟ್ಟಿಯ ಸಂದಿನಲ್ಲಿ ನಿಲ್ಲುತ್ತದೆ, ಅಲ್ಲಿ ಬಣ್ಣ ಬಿರುಕು ಬಿಟ್ಟರೆ ತುಕ್ಕು ಶುರು. 1950ರ ದಶಕದಲ್ಲೂ ಒಮ್ಮೆ ದೊಡ್ಡ ದುರಸ್ತಿ ಆಗಿತ್ತು. ಮೂವತ್ತು ವರ್ಷ ತುಂಬುವಷ್ಟರಲ್ಲಿ ಮತ್ತೆ ಬಿಚ್ಚಬೇಕಾಯಿತು. ಇಂಥ ಕಟ್ಟಡಕ್ಕೆ ‘ಒಮ್ಮೆ ಮಾಡಿಬಿಟ್ಟರೆ ಮುಗಿಯಿತು’ ಎನ್ನುವ ದುರಸ್ತಿ ಇಲ್ಲವೇ ಇಲ್ಲ.

ಅದೇ ಉದ್ಯಾನದ ಟೆಂಪರೇಟ್ ಹೌಸ್, ಅಂದರೆ ಸಮಶೀತೋಷ್ಣ ವಲಯದ ಗಿಡಗಳ ಗಾಜಿನ ಮನೆ, 2013ರಿಂದ 2018ರವರೆಗೆ ಮುಚ್ಚಿತ್ತು. ಅಲ್ಲಿ 69,000 ಬಿಡಿಭಾಗಗಳನ್ನು ಬಿಚ್ಚಿ, ತೊಳೆದು, ಸರಿಪಡಿಸಿದರು. 15,000 ಗಾಜು ಬದಲಾಯಿಸಿದರು. 1990ರ ಆ ನಾಲ್ಕು ಚೀಟಿಗಳಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ.

ಈಗ ನಮ್ಮ ಮನೆಗೆ ಬರೋಣ. 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟರು. ಕಬ್ಬಿಣ ಬಂದದ್ದು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫಾರ್ಲೇನ್ ಅವರ ಸಾರಸೆನ್ ಫೌಂಡ್ರಿಯಿಂದ. 1935ರಲ್ಲಿ ಪೂರ್ವಕ್ಕೆ ವಿಸ್ತರಿಸಿದಾಗ ಬಳಸಿದ್ದು ಭದ್ರಾವತಿಯ ಕಬ್ಬಿಣ. ಲಂಡನ್ನಿನ ಗಾಜು-ಕಬ್ಬಿಣದ ಭವನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ ಎಂದು ಎಲ್ಲರೂ ಹೇಳುವುದುಂಟು. (ಆ ಪ್ಯಾಲೇಸು 1936ರಲ್ಲಿ ಸುಟ್ಟುಹೋದದ್ದೂ ನವೆಂಬರ್ 30ರಂದೇ. ಕಾಕತಾಳೀಯ, ಅಷ್ಟೆ.) ಮಾದರಿ ಯಾವುದೇ ಇರಲಿ, ದುರಸ್ತಿಗೆ ಇಳಿದಾಗ ನೆನಪಿಡಬೇಕಾದದ್ದು ಬೇರೆ: ಒಂದೇ ಸೂರಿನಡಿ ಎರಡು ಕಾಲದ, ಎರಡು ಊರಿನ ಲೋಹವಿದೆ. ಒಂದಕ್ಕೆ ಹೊಂದುವ ಚಿಕಿತ್ಸೆ ಇನ್ನೊಂದಕ್ಕೆ ಹೊಂದದೇ ಹೋಗಬಹುದು. ಬೀಡುಕಬ್ಬಿಣ (ಕರಗಿಸಿ ಅಚ್ಚಿಗೆ ಎರೆದ ಕಬ್ಬಿಣ) ಭಾರವನ್ನು ಚೆನ್ನಾಗಿ ಹೊರುತ್ತದೆ, ಎಳೆತಕ್ಕೆ ಸಿಕ್ಕರೆ ಮುನ್ಸೂಚನೆ ಕೊಡದೆ ಸೀಳುತ್ತದೆ. ಮೆದುಕಬ್ಬಿಣ ಬಾಗುತ್ತದೆ, ತುಕ್ಕು ಹಿಡಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಉಕ್ಕಿನ ಸ್ವಭಾವವೇ ಬೇರೆ. ಹಾಗಾಗಿ ಯಾವ ಭಾಗ ಯಾವ ಲೋಹ ಎಂಬ ನಕ್ಷೆ ಮೊದಲು ಆಗಬೇಕು. ಬಣ್ಣದ ಡಬ್ಬಿ ತೆರೆಯುವುದು ಆಮೇಲೆ.

ಕ್ಯೂನ ಮನೆಗೂ ನಮ್ಮದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಅದು ಬಿಸಿ ಹಿಡಿದಿಡಲು ಕಟ್ಟಿದ ಮನೆ, ನಮ್ಮದು ಪ್ರದರ್ಶನಕ್ಕೆ. ಒಳಗಿನ ಆವಿಯ ಕಾಟ ನಮಗೆ ಅಷ್ಟಿಲ್ಲ. ನಮ್ಮ ಶತ್ರು ಮಳೆ ಮತ್ತು ಮಳೆನೀರು ಇಳಿಯುವ ದಾರಿ. ಅದಕ್ಕೇ ಈ ಪತ್ರದಲ್ಲಿ ನೀರಿನ ಮಾತು ಜಾಸ್ತಿ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗಂಟೆಗೆ 60 ಮಿಲಿಮೀಟರ್ ವೇಗದ ಮಳೆ ಬೆಂಗಳೂರಿಗೆ ಹೊಸದೇನಲ್ಲ. 100 ಚದರ ಮೀಟರ್ ಸೂರಿನ ನೀರು ಒಂದೇ ದೋಣಿಗೆ (ಸೂರಿನ ನೀರು ಹಿಡಿದು ಸಾಗಿಸುವ ಕಾಲುವೆ) ಬಂದರೆ ನಿಮಿಷಕ್ಕೆ 100 ಲೀಟರ್, ಅಂದರೆ 20 ಲೀಟರಿನ ಐದು ಬಕೆಟ್. ಪರೀಕ್ಷೆಯನ್ನೂ ಹಾಗೇ ಮಾಡಬಹುದು: ಒಣ ದಿನ ದೋಣಿಯ ಮೇಲ್ತುದಿಯಲ್ಲಿ ನಿಮಿಷಕ್ಕೆ ಐದು ಬಕೆಟ್ ನೀರು ಸುರಿದು ನೋಡಿ. ನೀರು ದೋಣಿಯ ಅಂಚು ದಾಟಿದರೆ ಒಂದೋ ಇಳಿಜಾರು ತಪ್ಪಿದೆ, ಇಲ್ಲವೇ ಬಾಯಿ ಕಟ್ಟಿದೆ. ಸುತ್ತ ಇಷ್ಟು ಮರಗಳಿರುವಲ್ಲಿ ಎಲೆ ಬೀಳುವುದು ತಪ್ಪದು, ಪಾರಿವಾಳದ ಹಿಕ್ಕೆಯೂ ತಪ್ಪದು. ಹಿಕ್ಕೆ ನೆನೆದರೆ ಲೋಹವನ್ನು ತಿನ್ನುತ್ತದೆ. ದೋಣಿಯನ್ನು ವರ್ಷಕ್ಕೊಮ್ಮೆ ಗುಡಿಸಿದರೆ ಸಾಲದು. ಏಪ್ರಿಲ್ ಮೊದಲ ವಾರ, ಜೂನ್, ಆಗಸ್ಟ್, ಅಕ್ಟೋಬರ್, ಹೀಗೆ ಕನಿಷ್ಠ ನಾಲ್ಕು ಸಲ. ಸೆಪ್ಟೆಂಬರ್-ಅಕ್ಟೋಬರಿನ ಮಳೆಯೇ ನಮ್ಮಲ್ಲಿ ಜೋರು, ಅದಕ್ಕೆ ಮೊದಲು ಒಂದು ಸುತ್ತು ತಪ್ಪಲೇಬಾರದು.

ದೋಣಿಯಿಂದ ನೀರು ಎಲ್ಲಿಗೆ ಹೋಗುತ್ತದೆ? ಆ ಕಾಲದ ಕಬ್ಬಿಣದ ಕಟ್ಟಡಗಳಲ್ಲಿ ಟೊಳ್ಳು ಕಂಬದೊಳಗೇ ನೀರಿಳಿಸುವುದು ರೂಢಿ. ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಕಂಬಗಳೇ ಕೊಳವೆಗಳಾಗಿದ್ದವು. ಹೊರಗಿನಿಂದ ನೋಡಿದರೆ ಕಂಬ ಬಣ್ಣ ಬಳಿದುಕೊಂಡು ನೆಟ್ಟಗೆ ನಿಂತಿರುತ್ತದೆ, ಒಳಗೆ ಕಸ ಕಟ್ಟಿ ನೀರು ನಿಂತು ಗೋಡೆ ತೆಳುವಾಗುತ್ತಿರುತ್ತದೆ. ಹಾಗಾಗಿ ಪ್ರತಿ ಕಂಬಕ್ಕೂ ಸಂಖ್ಯೆ ಕೊಟ್ಟು, ಯಾವುದು ನೀರಿಳಿಸುತ್ತದೆ, ಯಾವುದು ಬರೀ ಭಾರ ಹೊರುತ್ತದೆ ಎಂದು ಗುರುತು ಮಾಡಿ. ಅಡುಗೆಗೆ ಬಳಸುವ ಬಣ್ಣ ಬೆರೆಸಿದ 20 ಲೀಟರ್ ನೀರನ್ನು ಮೇಲಿನಿಂದ ಬಿಟ್ಟು, ಅದು ಎಲ್ಲಿ ಹೊರಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬರೆದಿಡಿ. ಬರಲೇ ಇಲ್ಲವೆಂದರೆ ನೀರು ಬುಡದಲ್ಲಿ ನಿಂತಿದೆ, ಇಲ್ಲವೇ ಅಡಿಪಾಯಕ್ಕೆ ಇಳಿಯುತ್ತಿದೆ. ಎರಡೂ ಒಳ್ಳೆಯದಲ್ಲ.

ಕಂಬದ ಗೋಡೆಯ ದಪ್ಪ ಅಳೆಯುವಾಗ ಒಂದೇ ಬದಿ ಅಳೆದು ಸಮಾಧಾನಪಟ್ಟುಕೊಳ್ಳಬಾರದು. ಟೊಳ್ಳು ಕಂಬಗಳನ್ನು ಹೆಚ್ಚಾಗಿ ಮಲಗಿಸಿ ಎರಕ ಹೊಯ್ಯುತ್ತಿದ್ದರು. ಕಾದ ಲೋಹ ಸುರಿದಾಗ ಒಳಗಿನ ಮರಳಿನ ತಿರುಳು ತುಸು ಮೇಲಕ್ಕೆ ತೇಲುತ್ತದೆ. ಪರಿಣಾಮವಾಗಿ ಒಂದು ಬದಿ ದಪ್ಪ, ಎದುರು ಬದಿ ತೆಳು. ಒಂದು ಎತ್ತರದಲ್ಲಿ ನಾಲ್ಕೂ ದಿಕ್ಕಿಗೆ ಅಳೆಯಬೇಕು, ಬುಡದ ಹತ್ತಿರ ಇನ್ನೊಮ್ಮೆ ಅಳೆಯಬೇಕು. ಅಲ್ಟ್ರಾಸಾನಿಕ್ ಮೀಟರನ್ನು ಉಕ್ಕಿನ ತುಂಡಿನ ಮೇಲೆ ಹೊಂದಿಸಿ ಬೀಡುಕಬ್ಬಿಣದ ಮೇಲಿಟ್ಟರೆ ತಪ್ಪು ಅಂಕಿ ಬರುತ್ತದೆ. ದಪ್ಪ ಗೊತ್ತಿರುವ ಬೀಡಿನ ತುಂಡಿನ ಮೇಲೇ ಹೊಂದಿಸಬೇಕು.

ಕಂಬದ ಬುಡದ ಮಾತು ಬಂತು. ನೆಲ ಹೊಸದಾಗಿ ಹಾಸುವಾಗ ಕಂಬದ ಪಾದವನ್ನು ಕಾಂಕ್ರೀಟಿನಲ್ಲಿ ಹುಗಿದರೆ ಅಲ್ಲೊಂದು ತೇವದ ಉಂಗುರ ನಿಲ್ಲುತ್ತದೆ. ಕುಂಡಗಳನ್ನು ಕಂಬಕ್ಕೆ ಒತ್ತಿ ಜೋಡಿಸಿ ದಿನಾ ನೀರು ಹಾಕಿದರೂ ಅದೇ ಕಥೆ. ಪಾದದ ಸುತ್ತ ಒಂದು ಗೇಣು ಜಾಗ ಬಿಡಿಸಿ, ನೀರು ಹೊರಕ್ಕೆ ಹರಿಯುವಂತೆ ನೆಲ ಇಳಿಜಾರಾಗಿಸಿದರೆ ಸಾಕು. ಇದಕ್ಕೆ ಟೆಂಡರೇನೂ ಬೇಕಿಲ್ಲ.

ಇನ್ನು ಗಾಜು. ಗಾಜು ಒಡೆದರೆ ಕಲ್ಲು ಹೊಡೆದವರನ್ನು ಹುಡುಕುವುದು ಸಹಜ. ಆದರೆ ಹಳೆಯ ಗಾಜಿನ ಮನೆಗಳಲ್ಲಿ ಕಲ್ಲಿಲ್ಲದೆಯೂ ಗಾಜು ಒಡೆಯುತ್ತದೆ. ಕಬ್ಬಿಣ ತುಕ್ಕಾದರೆ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಪಟ್ಟಿಯ ಸಂದಿನಲ್ಲಿ ಹಿಗ್ಗಿದ ತುಕ್ಕು ಗಾಜಿನ ಅಂಚನ್ನು ಒತ್ತುತ್ತಾ ಹೋಗಿ ಒಂದು ಮಧ್ಯಾಹ್ನ ಬಿಸಿಲಿಗೆ ಪಟ್ಟೆಂದು ಸೀಳಿಸುತ್ತದೆ. ಗುರುತಿಸುವುದು ಕಷ್ಟವಲ್ಲ. ಮಾಮೂಲಿ ಗಾಜಾದರೆ, ಕಲ್ಲು ತಗುಲಿದಾಗ ಬಿರುಕುಗಳು ನಡುವಿನ ಒಂದು ಬಿಂದುವಿನಿಂದ ಸುತ್ತ ಹರಡಿರುತ್ತವೆ. ತುಕ್ಕಿನ ಒತ್ತಡದ ಬಿರುಕು ಅಂಚಿನಿಂದಲೋ ಮೂಲೆಯಿಂದಲೋ ಹೊರಡುತ್ತದೆ. ಅದಕ್ಕೇ ಒಂದು ದಪ್ಪ ರಿಜಿಸ್ಟರ್ ಇಡಿ: ಅಂಕಣ (ಕಂಬದಿಂದ ಕಂಬದವರೆಗಿನ ಭಾಗ), ಸಾಲು, ಗಾಜಿನ ಸಂಖ್ಯೆ, ಒಡೆದ ದಿನ, ಬಿರುಕು ಹೊರಟ ಜಾಗ, ಒಂದು ಫೋಟೊ. ಅದೇ ಜಾಗದ ಗಾಜು ಎರಡನೇ ಸಲ ಒಡೆದರೆ ಮೂರನೇ ಗಾಜು ತರಿಸಬೇಡಿ. ಪಟ್ಟಿ ಬಿಚ್ಚಿ ನೋಡಿ.

ಬದಲಿ ಗಾಜಿನ ಆಯ್ಕೆಯಲ್ಲೂ ತಪ್ಪು ನಡೆಯುವುದುಂಟು. ಮಾಮೂಲಿ ಗಾಜು ಒಡೆದರೆ ಚೂರಿಯಂಥ ಚೂರಾಗಿ ಬೀಳುತ್ತದೆ. ಕುಲುಮೆಯಲ್ಲಿ ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜು ಕಾಳಿನಂತೆ ಪುಡಿಯಾಗುತ್ತದೆ, ಆದರೆ ಅಪರೂಪಕ್ಕೆ ಒಳಗಿನ ನಿಕಲ್ ಸಲ್ಫೈಡ್ ಕಣದ ದೆಸೆಯಿಂದ ತಾನಾಗೇ ಒಡೆಯುವುದೂ ಉಂಟು. ಎರಡು ಹಾಳೆ ಅಂಟಿಸಿದ ಲ್ಯಾಮಿನೇಟೆಡ್ ಗಾಜು ಒಡೆದರೂ ಉದುರದೆ ಅಲ್ಲೇ ಹಿಡಿದುಕೊಂಡಿರುತ್ತದೆ. ಸಾವಿರಾರು ಜನ ತಲೆಯೆತ್ತಿ ನೋಡುತ್ತಾ ಅಡಿಯಲ್ಲಿ ನಡೆಯುವ ಸೂರಿಗೆ ಲ್ಯಾಮಿನೇಟೆಡ್ಡೇ ಸರಿ ಎಂಬುದು ನಮ್ಮ ಅಭಿಪ್ರಾಯ. ಆದರೆ ತೂಕ ನೋಡಿಕೊಳ್ಳಬೇಕು. ಒಂದು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಎರಡೂವರೆ ಕಿಲೊ ತೂಗುತ್ತದೆ. 4 ಮಿಲಿಮೀಟರಿನ ಒಂಟಿ ಗಾಜು 10 ಕಿಲೊ, ನಾಲ್ಕು ನಾಲ್ಕು ಅಂಟಿಸಿದ್ದು 20 ಕಿಲೊ ದಾಟುತ್ತದೆ. 19ನೇ ಶತಮಾನದ ಚೌಕಟ್ಟಿಗೆ ಇಮ್ಮಡಿ ಭಾರ ಹೊರಿಸುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಲಿ. ಸುರಕ್ಷಾ ಗಾಜಿಗೆ ಐಎಸ್ 2553 ಮಾನದಂಡವಿದೆ, ಟೆಂಡರಿನಲ್ಲಿ ಅದನ್ನು ಹೆಸರಿಸಿ. ಟಫನ್ಡ್ ಗಾಜನ್ನು ಕುಲುಮೆಯಿಂದ ಬಂದ ಮೇಲೆ ಕತ್ತರಿಸಲು ಆಗದು. ಹಳೆಯ ಚೌಕಟ್ಟಿನ ಕಿಂಡಿಗಳು ಒಂದಕ್ಕೊಂದು ಕೆಲವು ಮಿಲಿಮೀಟರ್ ಹೆಚ್ಚುಕಡಿಮೆ ಇರುತ್ತವೆ. ಹಾಗಾಗಿ ಒಂದೇ ಅಳತೆಗೆ ಸಾವಿರ ಗಾಜು ತರಿಸಿದರೆ ಅರ್ಧದಷ್ಟು ಗೋಡೌನಿನಲ್ಲೇ ಉಳಿದಾವು. ಪ್ರತಿ ಕಿಂಡಿಗೂ ರಟ್ಟಿನ ಅಚ್ಚು ತೆಗೆಯುವುದು ಬೇಸರದ ಕೆಲಸ, ಬೇರೆ ದಾರಿಯಿಲ್ಲ.

ಗಾಜಿನ ಅಂಚಿಗೆ ತುಂಬುವ ವಸ್ತುವಿನ ಬಗ್ಗೆ ಒಂದೇ ಮಾತು. ಹಿಂದೆ ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿಯ ಪುಟ್ಟಿ ಇರುತ್ತಿತ್ತು, ಈಗ ಸಿಲಿಕೋನ್. ಅಂಗಡಿಯಲ್ಲಿ ಸಿಗುವ ಅಗ್ಗದ ಸಿಲಿಕೋನ್ ಟ್ಯೂಬು ಹಿಂಡಿದಾಗ ವಿನಿಗರಿನ ಹುಳಿ ವಾಸನೆ ಬಂದರೆ ಅದನ್ನು ಕಬ್ಬಿಣದ ಹತ್ತಿರ ತರಬೇಡಿ. ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲ ಲೋಹವನ್ನು ಕೊರೆಯುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದದ್ದೇ ಬೇಕು. ಸ್ಟೋರಿನಲ್ಲಿ ಮುಚ್ಚಳ ತೆಗೆದು ಮೂಸಿ ನೋಡಿದರೂ ಗೊತ್ತಾಗುತ್ತದೆ.

ಬಣ್ಣದ ಕೆಲಸವನ್ನು ಚದರ ಮೀಟರಿನ ದರಕ್ಕೆ ಕೊಟ್ಟರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ತುಕ್ಕು ಕೆರೆಯುವುದಕ್ಕೆ ಸಮಯ ಹಿಡಿಯುತ್ತದೆ, ಬಳಿಯುವುದು ಬೇಗ ಮುಗಿಯುತ್ತದೆ. ಹಣ ಬರುವುದು ಬಳಿದದ್ದಕ್ಕೆ. ವರ್ಷ ವರ್ಷ ತುಕ್ಕಿನ ಮೇಲೇ ಬಳಿದರೆ ಎರಕದ ಎಲೆ-ಬಳ್ಳಿಯ ಚಿತ್ತಾರ ಬಣ್ಣದಡಿ ಮುಚ್ಚಿಹೋಗುತ್ತದೆ, ಬೋಲ್ಟಿನ ತಲೆಯೂ ಕಾಣದಂತಾಗುತ್ತದೆ. ಮೈ ಸಿದ್ಧಪಡಿಸುವ ಕೆಲಸಕ್ಕೆ ಬೇರೆ ದರ, ಬೇರೆ ತಪಾಸಣೆ ಇಡಿ. ಅದಕ್ಕೆ ಸಹಿ ಬೀಳದೆ ಪ್ರೈಮರ್ ತೆರೆಯಕೂಡದು. ಹಳೆಯ ಪದರಗಳಲ್ಲಿ ಸೀಸ ಇರುವ ಸಂಭವ ಬಹಳ, ಆದ್ದರಿಂದ ಒಣ ಉಜ್ಜುವಿಕೆ ಬೇಡ. ಒದ್ದೆ ಮಾಡಿ ಕೆರೆದು, ಕೆಳಗೆ ಹಾಳೆ ಹಾಸಿ, ಉದುರಿದ್ದನ್ನೆಲ್ಲ ಅಪಾಯಕಾರಿ ತ್ಯಾಜ್ಯವೆಂದೇ ಸಾಗಿಸಬೇಕು. ಚೂಪಾದ ಅಂಚುಗಳಿಂದ ಬಣ್ಣ ಹಿಂದಕ್ಕೆ ಸರಿಯುತ್ತದೆ, ಹಾಗಾಗಿ ಅಂಚು, ಬೋಲ್ಟು, ಸಂದುಗಳಿಗೆ ಕುಂಚದಲ್ಲಿ ಒಂದು ಪದರ ಮೊದಲೇ ಹಚ್ಚಿ, ಆಮೇಲೆ ಇಡೀ ಮೈಗೆ. ಲೋಹದ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಬೆಂಗಳೂರಿನ ಫೆಬ್ರವರಿಯಲ್ಲಿ ಬೆಳಗ್ಗೆ ಏಳಕ್ಕೆ ಬಳಿಯಲು ಶುರುಮಾಡಿದರೆ ಆ ಬಣ್ಣ ಹಿಡಿಯುವುದು ಇಬ್ಬನಿಯನ್ನು. ಹತ್ತು ಗಂಟೆಯಾಗಲಿ.

ಮುರಿದ ಎರಕದ ತುಂಡಿಗೆ ಹೊಸ ತುಂಡು ಹೊಯ್ಯಿಸುವಾಗ ಗಟ್ಟಿಯಿರುವ ಹಳೆಯ ತುಂಡನ್ನೇ ಅಚ್ಚಿಗೆ ಒತ್ತುವ ಪದ್ಧತಿ ಇದೆ. ಬೀಡು ಆರಿದಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಮೂರು ಮೀಟರಿನ ಕಂಬ ಮೂರು ಸೆಂಟಿಮೀಟರ್ ಗಿಡ್ಡವಾಗಿ ಬರುತ್ತದೆ, ಬೋಲ್ಟಿನ ತೂತುಗಳು ಕೂಡುವುದಿಲ್ಲ. ಆಮೇಲೆ ತೂತನ್ನು ಗ್ಯಾಸಿನಿಂದ ಅಗಲಿಸುವ ಅನಾಹುತ. ಕುಗ್ಗುವಷ್ಟನ್ನು ಮೊದಲೇ ಸೇರಿಸಿ ದೊಡ್ಡದು ಮಾಡಿದ ಮರದ ಮಾದರಿ ಬೇಕು. ಬಿರುಕು ಬಿಟ್ಟ ಬೀಡಿಗೆ ಸ್ಥಳದಲ್ಲೇ ವೆಲ್ಡಿಂಗ್ ಮಾಡಿಸಬೇಡಿ, ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಬಿಸಿ ತಾಗಿಸದೆ ಲೋಹದ ಕೀಲಿಗಳಿಂದ ಹೊಲಿಯುವ ವಿಧಾನವಿದೆ, ಅದನ್ನು ಬಲ್ಲವರನ್ನು ಕರೆಸಿ. ಸ್ಟೇನ್‌ಲೆಸ್ ಬೋಲ್ಟು ಹಾಕುವುದಾದರೆ ನಡುವೆ ನೈಲಾನ್ ವಾಷರ್ ಮತ್ತು ಬೋಲ್ಟಿನ ಸುತ್ತ ನೈಲಾನ್ ಕೊಳವೆ ಇರಲಿ. ತೇವದಲ್ಲಿ ಎರಡು ಲೋಹ ನೇರ ತಾಗಿದರೆ ಸವೆಯುವುದು ಹಳೆಯ ಕಬ್ಬಿಣವೇ.

ಇದೆಲ್ಲ ಯಾವಾಗ? ವರ್ಷಕ್ಕೆ ಎರಡು ಫಲಪುಷ್ಪ ಪ್ರದರ್ಶನ, ಜನವರಿ ಮತ್ತು ಆಗಸ್ಟ್. ಆಗಸ್ಟಿನ ಹಿಂದೆ ಮುಂದೆ ಮಳೆ. ಬಣ್ಣಕ್ಕೆ, ಗಾಜಿಗೆ ಸಿಗುವ ಒಣ ಕಾಲ ಜನವರಿ ಪ್ರದರ್ಶನ ಮುಗಿದಂದಿನಿಂದ ಏಪ್ರಿಲಿನ ಮೊದಲ ಗುಡುಗು ಮಳೆವರೆಗೆ, ಹತ್ತಿರ ಹತ್ತಿರ ಹತ್ತು ವಾರ. ಹತ್ತು ವಾರದಲ್ಲಿ ಇಡೀ ಮನೆ ಮುಗಿಯದು. ವರ್ಷಕ್ಕೆ ಒಂದೆರಡು ಅಂಕಣ ಹಿಡಿದು ಸಾರುವೆ ಕಟ್ಟಿ ಮಾಡುತ್ತಾ ಬಂದರೆ 2039ರೊಳಗೆ ಒಂದು ಸುತ್ತು ಮುಗಿಯುತ್ತದೆ, ಪ್ರದರ್ಶನವೂ ನಿಲ್ಲಬೇಕಿಲ್ಲ. ಸಾರುವೆಯ ಕಾಲುಗಳು ನೆಲದ ಮೇಲೆ ನಿಲ್ಲಲಿ, ಹಳೆಯ ತೊಲೆಗೆ ಆತುಕೊಳ್ಳದಿರಲಿ. ಪ್ರದರ್ಶನದ ದೀಪ, ಧ್ವನಿವರ್ಧಕ, ತೋರಣ ಯಾವುದನ್ನೂ ಚೌಕಟ್ಟಿಗೆ ತೂತು ಕೊರೆದು ಕಟ್ಟಿಸಬೇಡಿ. ಅಲಂಕಾರಕ್ಕೆ ಬೇರೆಯದೇ ಕಂಬ ನಿಲ್ಲಿಸಿ.

ಅಂಚೆ ವೃತ್ತದವರಿಗೆ ನಮ್ಮ ಕೋರಿಕೆ ಚಿಕ್ಕದು. ವಿಶೇಷ ಲಕೋಟೆ ಬೇರೆ, ಸ್ಮರಣಾರ್ಥ ಚೀಟಿ ಬೇರೆ. ಲಕೋಟೆಯನ್ನು ವೃತ್ತದ ಮಟ್ಟದಲ್ಲೇ ಹೊರಡಿಸಬಹುದು, ಚೀಟಿ ದೆಹಲಿಯಲ್ಲಿ ತೀರ್ಮಾನವಾಗಬೇಕು. ಚೀಟಿಯ ಪ್ರಸ್ತಾವ ಹೊರಡುವುದಾದರೆ 2037ಕ್ಕಿಂತ ತಡವಾಗದಿರಲಿ. ಚಿತ್ರದ ಬಗ್ಗೆ ಒಂದು ಸಲಹೆ: ನಾಲ್ಕು ಸೆಂಟಿಮೀಟರಿಗೂ ಕಿರಿದಾದ ಚೀಟಿಯಲ್ಲಿ ಇಡೀ ಮುಂಭಾಗ ತುಂಬಿಸಿದರೆ ಗಾಜಿನ ಪಟ್ಟಿಗಳು ಬೂದು ಮಸುಕಾಗುತ್ತವೆ. ಒಂದು ಕಮಾನು, ಅದರ ಎರಕದ ಚಿತ್ತಾರ, ಕಂಬದ ತಲೆ, ಇಷ್ಟನ್ನೇ ಹತ್ತಿರದಿಂದ ತೋರಿಸಿ. ಇಡೀ ಮನೆ ಪ್ರಥಮ ದಿನದ ಲಕೋಟೆಯ ಮೇಲೆ ಬರಲಿ, ಅಲ್ಲಿ ಜಾಗವಿದೆ. ಜೊತೆಗೆ ಬರುವ ಮಾಹಿತಿ ಪತ್ರದಲ್ಲಿ ಅಡಿಗಲ್ಲಿಟ್ಟ ರಾಜಕುಮಾರನ ಹೆಸರಿನ ಕೆಳಗೆ ಗ್ಲಾಸ್ಗೋ ಮತ್ತು ಭದ್ರಾವತಿ ಎರಡನ್ನೂ ಕಾಣಿಸಿ, ದುರಸ್ತಿ ಯಾವ ವರ್ಷ ಆಯಿತೆಂದೂ ಬರೆಯಿರಿ.

ತೋಟಗಾರಿಕೆ ಇಲಾಖೆಗೆ ಮೊದಲ ಹೆಜ್ಜೆಯಾಗಿ ಮೂರನ್ನು ಕೇಳುತ್ತೇವೆ: ಕಂಬ ಮತ್ತು ಗಾಜುಗಳ ಸಂಖ್ಯೆ ಹಾಕಿದ ನಕ್ಷೆ, ಗಾಜು ಒಡೆದ ರಿಜಿಸ್ಟರ್, ದೋಣಿ ಗುಡಿಸಿದ ದಿನಗಳ ಪಟ್ಟಿ. ಮೂರನ್ನೂ ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಓದಿ, ತಪ್ಪಿದ್ದರೆ ಹೇಳಲು ನಮ್ಮಂಥವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದೇವೆ.

ಇಂತಿ,
ಹಳೆಯ ಕಬ್ಬಿಣದ ಕಟ್ಟಡಗಳ ದುರಸ್ತಿಯಲ್ಲೂ ಅಂಚೆಚೀಟಿ ಸಂಗ್ರಹದಲ್ಲೂ ತೊಡಗಿರುವ ಕೆಲವರು
ಬೆಂಗಳೂರು